ಮಳೆ ಬೋರ್ಡಿನ ಅರ್ಧ ಜಾಗ

ಎಲ್ಲಿಗೆ ಹೋದರೂ ‘ಚೆನ್ನಾಗಿದ್ದೀರಾ’ ಎಂದು ಕೇಳುವ ಮೊದಲು ‘ನಿಮ್ಮಲ್ಲಿ ಮಳೆ ಎಷ್ಟು?’ ಎಂದು ಕೇಳುವ ಅಭ್ಯಾಸ ನನಗಿದೆ. ಒಮ್ಮೆ ಬಾಳೂರಿನ ಕಡೆ ಸಾವಿನ ಮನೆಯೊಂದಕ್ಕೆ ಹೋಗಿದ್ದವನು ಬಾಯಿ ತಪ್ಪಿ ಅದನ್ನೇ ಕೇಳಿಬಿಟ್ಟೆ. ತಾಯಿಯನ್ನು ಕಳೆದುಕೊಂಡಿದ್ದ ಆ ಮನೆಯ ಯಜಮಾನರು ಟವೆಲಿನಿಂದ ಕಣ್ಣೊರೆಸಿಕೊಂಡು ‘ಎಪ್ಪತ್ತು ಸೆಂಟು’ ಎಂದರು. ಬಂದವರೆಲ್ಲ ನನ್ನನ್ನು ಕೆಕ್ಕರಿಸಿ ನೋಡಿದರು. ಮನೆಗೆ ಬಂದ ಮೇಲೆ ನನ್ನ ಹೆಂಡತಿ ಸುಮಿತ್ರಾ ಎರಡು ದಿನ ಇದೇ ಮಾತು ಆಡಿಕೊಂಡು ನಕ್ಕಳು. ‘ನಾನು ಸತ್ರೂ ನೀವು ಮೊದ್ಲು ಮಳೆ ನೋಡ್ಕೊಂಡೇ ಬರ್ತೀರಿ’ ಎಂದಳು. ಹಾಗೇ ಆಯಿತು. ಅದನ್ನು ಮುಂದೆ ಹೇಳುತ್ತೇನೆ.

ಕಾಫಿ ಸೀಮೆಯವರಲ್ಲದವರಿಗೆ ಈ ಸೆಂಟಿನ ಲೆಕ್ಕ ಸ್ವಲ್ಪ ವಿವರಿಸಬೇಕು. ಒಂದು ಇಂಚು ಮಳೆಗೆ ನೂರು ಸೆಂಟು. ಎಸ್ಟೇಟುಗಳಲ್ಲಿ ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಳೆ ಅಳೆಯುವ ಒಂದು ಡಬ್ಬ ಇರುತ್ತದೆ. ಬೆಳಗ್ಗೆ ಎಂಟಕ್ಕೆ ಅದರಲ್ಲಿ ನಿಂತ ನೀರನ್ನು ಅಳತೆಯ ಗಾಜಿಗೆ ಸುರಿದು ನೋಡಿದರೆ ಹಿಂದಿನ ದಿನದ ಮಳೆ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಮೂಡಿಗೆರೆಯಿಂದ ಕಳಸದವರೆಗೆ ಫೋನುಗಳು ಶುರುವಾಗುತ್ತವೆ. ಮಾರ್ಚಿನಲ್ಲಿ ಹೂ ಅರಳಿಸುವ ಮೊದಲ ಮಳೆ ಬಂದರಂತೂ ಕೇಳಬೇಡಿ. ಅರ್ಧ ಇಂಚು ಬಂದವನು ಮುಕ್ಕಾಲು ಎನ್ನುತ್ತಾನೆ, ಏನೂ ಬರದವನು ಫೋನನ್ನೇ ಎತ್ತುವುದಿಲ್ಲ. ಬೇರೆ ವಿಷಯದಲ್ಲಿ ಪ್ರಾಮಾಣಿಕರಾದವರೂ ಮಳೆಗೆ ಐದು ಸೆಂಟು ಸೇರಿಸಿ ಹೇಳುವುದು ನಮ್ಮಲ್ಲಿ ತಪ್ಪೇನಲ್ಲ.

ನಾನು ಅಂಥ ಒಂದು ಎಸ್ಟೇಟಿನಲ್ಲಿ ರೈಟರ್. ಕಥೆ ಬರೆಯುವ ರೈಟರ್ ಅಲ್ಲ, ಆಳುಗಳ ಹಾಜರಿ ಬರೆಯುವ ರೈಟರ್. ಎಸ್ಸೆಸ್ಸೆಲ್ಸಿಯವರೆಗೆ ಓದಿದ್ದೇನೆ. ಊರಲ್ಲಿ ನನ್ನ ಅಕ್ಷರ ಗುಂಡಗೆ ಎಂಬ ಹೆಸರಿರುವುದರಿಂದ ಬಸ್‌ಸ್ಟಾಪಿನ ಗಿರಿಜಕ್ಕನ ಅಂಗಡಿ ಗೋಡೆಯಲ್ಲಿರುವ ಕಪ್ಪು ಹಲಗೆಯ ಮೇಲೆ ದಿನಾ ಮಳೆ ಬರೆಯುವ ಕೆಲಸ ಎಷ್ಟೋ ವರ್ಷದಿಂದ ನನ್ನದೇ. ಎರಡು ಮೂರು ಎಕರೆಯ ಸಣ್ಣ ಬೆಳೆಗಾರರಲ್ಲಿ ಅಳತೆಯ ಡಬ್ಬ ಇರುವುದಿಲ್ಲ. ಅವರು ಬಸ್ಸಿಗೆ ಬಂದಾಗ ಹಲಗೆ ನೋಡಿ ತಮ್ಮ ತೋಟದ ಮಳೆಯನ್ನು ಅಂದಾಜು ಮಾಡಿಕೊಳ್ಳುತ್ತಿದ್ದರು.

ಸುಮಿತ್ರಾ ಊರಿನ ಆಶಾ ಕಾರ್ಯಕರ್ತೆ. ಕೊರೋನಾ ಬಂದಾಗ ಅವಳ ಕಾಲು ಮನೆಯಲ್ಲಿ ನಿಲ್ಲಲಿಲ್ಲ. ಎಸ್ಟೇಟಿನ ಆಳುಗಳ ಮನೆಸಾಲುಗಳಾದ ಮೇಲಿನ ಲೈನು, ಕೆಳಗಿನ ಲೈನು, ಹಳ್ಳದಾಚೆಯ ನಾಲ್ಕು ಮನೆ ಎಂದು ತಿರುಗುತ್ತಿದ್ದಳು. ಊರಿನ ವಾಟ್ಸಾಪ್ ಗುಂಪೊಂದಿತ್ತು. ಆದರೆ ಕರೆಂಟು ಹೋದರೆ ಟವರೂ ಹೋಗುತ್ತಿತ್ತು. ಟವರು ಬಂದಾಗ ಬರುವುದೆಲ್ಲ ಕಷಾಯದ ಸುದ್ದಿ. ಸಕ್ಕರೆ ಹಾಕದ ಕಾಫಿ ಕುಡಿದರೆ ರೋಗ ಹತ್ತಿರ ಬರುವುದಿಲ್ಲ ಎಂದು ಯಾರೋ ಕಳಿಸಿದ್ದನ್ನು ನಮ್ಮ ಎಸ್ಟೇಟಿನ ಯಜಮಾನರಾದ ಗೌಡರೇ ನಂಬಿ ಒಂದು ವಾರ ಕಹಿ ಕುಡಿದರು. ಕಾಫಿ ಬೆಳೆಯುವವರು ಕಾಫಿಯ ಬಗ್ಗೆ ಒಳ್ಳೆಯ ಮಾತನ್ನು ಬೇಡ ಎನ್ನುವುದು ಕಷ್ಟ.

ಒಂದು ಸಂಜೆ ಅವಳು ಕೇಳಿದಳು: ‘ರೀ, ನಿಮ್ ಮಳೆ ಬೋರ್ಡಲ್ಲಿ ಅರ್ಧ ಜಾಗ ನಂಗ್ ಕೊಡಿ.’

ಮಧ್ಯೆ ಒಂದು ಗೆರೆ ಎಳೆದೆವು. ಎಡಕ್ಕೆ ಮಳೆ, ಬಲಕ್ಕೆ ಅವಳ ಸುದ್ದಿ. ಲಸಿಕೆ ಯಾವಾಗ, ಅಂಗಡಿ ಎಷ್ಟು ಹೊತ್ತಿನವರೆಗೆ, ಕೆಮ್ಮಿದ್ದರೆ ಎಲ್ಲಿಗೆ ಹೋಗಬೇಕು, ಇವತ್ತು ಪಾಸಿಟಿವ್ ಎಷ್ಟು, ಎಷ್ಟು ಜನ ವಾಸಿಯಾಗಿ ಬಂದರು. ಅವಳು ಹೇಳುವುದು, ನಾನು ಬರೆಯುವುದು. ನಾನು ಕೊನೆಯಲ್ಲಿ ‘ಹೆದರಬೇಡಿ’ ಎಂದು ಸೇರಿಸಲು ಹೋದರೆ ಅಳಿಸಿಬಿಟ್ಟಳು. ‘ಹೆದರ್ಬೇಡಿ ಅಂತ ಬರದ್ರೇ ಹೆದರ್ತಾರೆ.’ ಯಾರ ಹೆಸರನ್ನೂ ಬರೆಯಕೂಡದು ಎಂಬುದು ಅವಳ ಮೊದಲ ಕಟ್ಟಳೆ. ಹೆಸರು ಬರೆದರೆ ಆ ಮನೆಯ ಹಾಲನ್ನೂ ಯಾರೂ ಮುಟ್ಟುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಇರುವುದನ್ನು ಒಂದೂ ಬಿಡದೆ ಬರೆಯಬೇಕು ಎಂಬುದು ಎರಡನೆಯದು. ‘ಇವತ್ತು ಒಂದು ಮುಚ್ಚಿಟ್ರೆ ನಾಳೆ ಮಳೇನೂ ನಂಬಲ್ಲ’ ಎನ್ನುತ್ತಿದ್ದಳು.

ಮೂರನೆಯ ಕಟ್ಟಳೆ ಬಂದದ್ದು ನನ್ನ ದೆಸೆಯಿಂದ. ಒಂದು ಬೆಳಗ್ಗೆ ಏನೋ ಯೋಚನೆಯಲ್ಲಿ ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಬರೆದುಬಿಟ್ಟೆ. ಆ ದಿನ ಮಳೆ ಎರಡು ಇಂಚು ನಲವತ್ತು ಸೆಂಟು. ಅದು ಪಾಸಿಟಿವ್ ಎಂಬಲ್ಲಿ ‘೨–೪೦’ ಎಂದು ಕೂತಿತು. ಮೂರನೇ ಕ್ಲಾಸಿನವರೆಗೆ ಓದಿದ್ದ ನಮ್ಮ ಬಾಬು ಮೇಸ್ತ್ರಿ ಅದನ್ನು ನೋಡಿ ಮೇಲಿನ ಲೈನಿನಲ್ಲಿ ಇಬ್ಬರು, ಕೆಳಗಿನ ಲೈನಿನಲ್ಲಿ ನಲವತ್ತು ಎಂದು ಅರ್ಥ ಮಾಡಿಕೊಂಡ. ಕೆಳಗಿನ ಲೈನಿನಲ್ಲಿ ಮಕ್ಕಳೂ ಸೇರಿ ಇದ್ದದ್ದೇ ಇಪ್ಪತ್ತೆಂಟು ಜನ. ಆದರೂ ಅವರೆಲ್ಲ ಬಾಗಿಲು ಹಾಕಿಕೊಂಡರು, ಅವತ್ತು ಗೊಬ್ಬರ ಹಾಕಲು ಒಬ್ಬರೂ ಬರಲಿಲ್ಲ. ಇತ್ತ ಮಳೆಯ ಕಡೆ ‘೩’ ಎಂದಿತ್ತು. ಹಳ್ಳದಾಚೆಯ ಬೆಳೆಗಾರರೊಬ್ಬರು ಬಂದು ‘ಎಂತ ರೈಟರ್ರೆ, ಮೂರು ಇಂಚು ನಿಮ್ಮ ಡಬ್ಬದಲ್ಲಿ ಮಾತ್ರ ಬಿತ್ತಾ?’ ಎಂದು ಜಗಳ ತೆಗೆದರು. ಇಷ್ಟು ದೊಡ್ಡ ರೋಗದ ಕಾಲದಲ್ಲೂ ಅವರಿಗೆ ಬೇಸರವಾದದ್ದು ಪಕ್ಕದವನಿಗೆ ಹೆಚ್ಚು ಮಳೆ ಬಂತಲ್ಲ ಎಂದು.

ಸುಮಿತ್ರಾ ಅಂದಿನಿಂದ ಹೊಸ ಪದ್ಧತಿ ಮಾಡಿದಳು. ಬರೆದಾದ ಮೇಲೆ ಎರಡು ಹೆಜ್ಜೆ ಹಿಂದೆ ನಿಂತು ಎಲ್ಲವನ್ನೂ ಗಟ್ಟಿಯಾಗಿ ಗಿರಿಜಕ್ಕನಿಗೆ ಓದಿ ಹೇಳಬೇಕು. ಗಿರಿಜಕ್ಕನಿಗೆ ಓದು ಬರಹ ಬಾರದು. ಅರವತ್ತು ದಾಟಿದ ಹೆಂಗಸು, ಬನ್ನು ಬೀಡಿ ಮಾರುತ್ತ ಕೂತಿರುತ್ತಾಳೆ. ಆದರೆ ಒಮ್ಮೆ ಕೇಳಿದ್ದನ್ನು ಮರೆಯುವವಳಲ್ಲ. ಓದಿದ್ದು ಸರಿ ಕಂಡರೆ ‘ಆಯ್ತು, ಕೇಳ್ತು’ ಎನ್ನುತ್ತಿದ್ದಳು. ಸರಿ ಕಾಣದಿದ್ದರೆ ‘ನಿನ್ನೆ ಐದು ಅಂದಿದ್ರಿ, ಇವತ್ತು ಮೂರು ಅಂತೀರಿ, ಇಬ್ರು ಎಲ್ಲಿ ಹೋದ್ರು?’ ಎಂದು ಕೇಳುತ್ತಿದ್ದಳು. ‘ವಾಸಿಯಾದ್ರು ಗಿರಿಜಕ್ಕ.’ ‘ಹಂಗಾದ್ರೆ ಸರಿ.’

ಎರಡನೇ ಅಲೆಯಲ್ಲಿ ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಸುಮಿತ್ರಾಳಿಗೆ ಜ್ವರ ಬಂತು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಪರೀಕ್ಷೆಯಲ್ಲಿ ಪಾಸಿಟಿವ್ ಎಂದು ಬಂದ ಮರುದಿನ ಉಸಿರು ಭಾರವಾಗಿ, ಚಿಕ್ಕಮಗಳೂರಿನ ಆಸ್ಪತ್ರೆಗೆ ಕರೆದೊಯ್ಯಲು ಆಂಬುಲೆನ್ಸ್ ಬಂತು. ನಾನು ಡ್ರೈವರಿಗೆ ಕೈ ಮುಗಿದು ಸೈರನ್ ಹಾಕಬೇಡಿ ಎಂದೆ. ಆತ ಹಾಕಲಿಲ್ಲ. ಊರಿಗೆ ಗೊತ್ತಾಗಲಿಲ್ಲ ಎಂದುಕೊಂಡೆ. ಬಿಳೀ ಆಂಬುಲೆನ್ಸು ಹಾಡುಹಗಲು ಇರುವ ಒಂದೇ ರಸ್ತೆಯಲ್ಲಿ ಹೋದರೆ ಕಾಣುವುದಿಲ್ಲವೆಂದು ನಂಬಿದ ಮನುಷ್ಯ ನಾನು.

ನನ್ನನ್ನು ಹದಿನಾಲ್ಕು ದಿನ ಮನೆಯಲ್ಲೇ ಇರಿಸಿದರು. ನಮ್ಮ ಹಿರಿಯರು ಮಳೆಗೆ ನಕ್ಷತ್ರದ ಹೆಸರಿಟ್ಟು ಒಂದೊಂದಕ್ಕೂ ಹೆಚ್ಚು ಕಡಿಮೆ ಹದಿನಾಲ್ಕು ದಿನ ಕೊಟ್ಟಿದ್ದಾರೆ. ರೋಹಿಣಿ ಮುಗಿದರೆ ಮೃಗಶಿರಾ, ಅದು ಮುಗಿದರೆ ಆರಿದ್ರಾ. ಹದಿನಾಲ್ಕು ದಿನವೆಂದರೆ ಒಂದು ಮಳೆ ಹುಟ್ಟಿ ಸಾಯುವಷ್ಟು ಕಾಲ ಎಂದು ನನಗೆ ಆಗ ಅರ್ಥವಾಯಿತು.

ಎಸ್ಟೇಟಿನವರು ಕೊಟ್ಟ ನಮ್ಮ ಮನೆ ಕಣದ ಅಂಚಿನಲ್ಲೇ ಇದೆ. ಆದ್ದರಿಂದ ಮಳೆ ಅಳೆಯುವುದು ತಪ್ಪಲಿಲ್ಲ. ಬೆಳಗ್ಗೆ ಎಂಟಕ್ಕೆ ಬಾಬು ಮಳೆಗೆ ತಲೆಯ ಮೇಲಿಂದ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಕಣದ ಆ ತುದಿಯಲ್ಲಿ ನಿಲ್ಲುತ್ತಿದ್ದ. ನಾನು ಈ ತುದಿಯಿಂದ ಕೂಗುತ್ತಿದ್ದೆ. ಅವನು ಹೋಗಿ ಹಲಗೆಗೆ ಬರೆಯುತ್ತಿದ್ದ. ಸುಮಿತ್ರಾಳ ಬದಲು ಪಕ್ಕದ ಊರಿನ ಕಾರ್ಯಕರ್ತೆ ನನಗೆ ಫೋನಿನಲ್ಲಿ ಸಂಖ್ಯೆ ಹೇಳುತ್ತಿದ್ದಳು. ಮೊದಲ ದಿನ ಅವಳು ‘ನಿಮ್ಮೂರಲ್ಲಿ ಒಂದು’ ಎಂದಳು. ಆ ಒಂದು ಯಾರೆಂದು ಅವಳಿಗೂ ಗೊತ್ತು, ನನಗೂ ಗೊತ್ತು.

ನಾನು ಕೂಗಿದೆ: ‘ಮಳೆ ಒಂದಿಂಚು ಇಪ್ಪತ್ತು. ಪಾಸಿಟಿವ್ ಇಲ್ಲ.’

‘ಇಲ್ವಾ?’ ಎಂದ ಬಾಬು.

‘ಇಲ್ಲ ಅಂದ್ನಲ್ಲ ಮಾರಾಯ.’

ಯಾಕೆ ಹಾಗೆ ಹೇಳಿದೆ ಎಂದು ನೀವು ಕೇಳಬಹುದು. ಸುಮಿತ್ರಾ ವಾರವಿಡೀ ಮನೆಮನೆಗೆ ಹೋಗಿ ಬಂದಿದ್ದಳು. ಇವಳೇ ರೋಗ ಹಂಚಿದಳು ಎಂದು ಯಾರ ಬಾಯಲ್ಲಾದರೂ ಬಂದರೆ ನಾನು ತಡೆದುಕೊಳ್ಳುತ್ತಿರಲಿಲ್ಲ. ಅವಳು ಹೋದ ಮನೆಗಳವರು ಎಚ್ಚರವಾಗಿರಬೇಕಿತ್ತು, ಅದಕ್ಕಾದರೂ ಹೇಳಬೇಕಿತ್ತು ಎಂಬುದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಆದರೂ ಬಂದ ಸಂಖ್ಯೆಯಲ್ಲಿ ದಿನಾ ಒಂದು ಕಳೆದೇ ಕೂಗಿದೆ.

ಸುಮಿತ್ರಾ ಮಧ್ಯಾಹ್ನ ಫೋನ್ ಮಾಡುತ್ತಿದ್ದಳು. ಮುಖಕ್ಕೆ ಆಕ್ಸಿಜನ್ನಿನ ಮಾಸ್ಕ್ ಹಾಕಿದ್ದರಿಂದ ಮಾತು ದೂರದಿಂದ ಬಂದ ಹಾಗಿರುತ್ತಿತ್ತು. ಎರಡೇ ಪ್ರಶ್ನೆ.

‘ಮಳೆ ಎಷ್ಟು?’

ಹೇಳುತ್ತಿದ್ದೆ.

‘ಬೋರ್ಡಲ್ಲಿ ನಾನಿದೀನಾ?’

‘ಇದೀಯ.’

‘ಹಂ’ ಎಂದು ಇಟ್ಟುಬಿಡುತ್ತಿದ್ದಳು. ಆರು ದಿನ ಹೀಗೆ ಕೇಳಿದಳು. ಆರು ದಿನವೂ ಇದೀಯ ಎಂದೆ. ಊರಿಗೆ ಹೇಳಿದ ಸುಳ್ಳಿಗಿಂತ ಅವಳಿಗೆ ಹೇಳಿದ್ದು ಭಾರವಾಗುತ್ತ ಬಂತು. ನಾಳೆ ಬಾಬುವಿಗೆ ಸರಿಯಾದದ್ದನ್ನು ಹೇಳೋಣ ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಬೆಳಗ್ಗೆ ಕಣದ ಆ ತುದಿಯಲ್ಲಿ ಅವನನ್ನು ಕಂಡರೆ ಬಾಯಿ ಬರುತ್ತಿರಲಿಲ್ಲ. ಈ ನಡುವೆ ಮನೆಯ ಮೆಟ್ಟಿಲ ಮೇಲೆ ಹೊತ್ತಿಗೆ ಸರಿಯಾಗಿ ಊಟದ ಕ್ಯಾರಿಯರ್ ಬಂದು ಕೂತಿರುತ್ತಿತ್ತು. ಒಂದು ದಿನ ಅಕ್ಕಿರೊಟ್ಟಿ, ಒಂದು ದಿನ ಗಂಜಿ ಚಟ್ನಿ. ಒಳಗೆ ತಂದು ಉಣ್ಣುತ್ತಿದ್ದೆ. ನಮ್ಮ ವಿಷಯ ಊರಲ್ಲಿ ಯಾರಿಗೂ ಗೊತ್ತಿಲ್ಲ ಎಂದು ಆಗಲೂ ನಂಬಿದ್ದೆ.

ಏಳನೆಯ ದಿನ ಬೆಳಗ್ಗೆ ಆರಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ಅವಳನ್ನು ಅಲ್ಲೇ ಸುಡುತ್ತಾರೆ, ನಾನು ಬರುವ ಹಾಗಿಲ್ಲ ಎಂದರು. ನಮಗೆ ಮಕ್ಕಳಿಲ್ಲ. ಯಾರಿಗೆ ಹೇಳುವುದೆಂದು ತಿಳಿಯಲಿಲ್ಲ. ಎಂಟಾಯಿತು. ಎದ್ದು ಹೋಗಿ ಮಳೆ ಅಳೆದೆ. ಅವಳು ನಗುತ್ತ ಹೇಳಿದ್ದು ಹೀಗೆ ನಿಜವಾಯಿತು.

‘ಮಳೆ ಒಂದಿಂಚು ಎಂಟು’ ಎಂದು ಕೂಗಿದೆ. ಮುಂದಿನದು ಬರಲಿಲ್ಲ. ಬಾಬು ಕಾಯುತ್ತ ನಿಂತ. ಆಮೇಲೆ ಆ ಮಳೆಯಲ್ಲೇ ತಲೆಯ ಮೇಲಿನ ಕೊಪ್ಪೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು ಹೋದ. ನಾನು ಹೇಳದೆಯೇ ಅವನಿಗೆ ತಿಳಿಯಿತು.

ಹದಿನಾಲ್ಕು ದಿನ ಮುಗಿದ ಬೆಳಗ್ಗೆ ಬಸ್‌ಸ್ಟಾಪಿಗೆ ನಡೆದೆ. ಆ ದಿನಗಳ ಸುಳ್ಳನ್ನೆಲ್ಲ ಗಿರಿಜಕ್ಕನ ಮುಂದೆ ಒಪ್ಪಿಕೊಂಡು, ಸರಿಯಾದ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದು ಬರುವುದು ಎಂದು ತೀರ್ಮಾನಿಸಿದ್ದೆ. ಸುಮಿತ್ರಾಳಿಗಂತೂ ಇನ್ನು ನಿಜ ಹೇಳುವ ಹಾಗಿರಲಿಲ್ಲ.

‘ಗಿರಿಜಕ್ಕ, ನಾನೊಂದು ತಪ್ಪು ಮಾಡಿದೀನಿ. ಸುಮಿತ್ರನ್ನ ಸೇರಿಸ್ದೆ ಲೆಕ್ಕ ಹೇಳಿದೀನಿ.’

ಗಿರಿಜಕ್ಕ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು ಕೂತಳು. ‘ನೀವು ಹೇಳಿದ್ರಿ. ಬೋರ್ಡಿಗೆ ಬರ್ಲಿಲ್ಲ’ ಎಂದಳು.

ಮೊದಲ ದಿನ ಬಾಬು ನಾನು ಕೂಗಿದಂತೆಯೇ ಬರೆದು, ಪದ್ಧತಿಯಂತೆ ಎರಡು ಹೆಜ್ಜೆ ಹಿಂದೆ ನಿಂತು ಓದಿದ್ದಾನೆ. ಪಾಸಿಟಿವ್ ಇಲ್ಲ ಎಂದು ಕೇಳಿದ ಗಿರಿಜಕ್ಕ ‘ಇಲ್ಲ ಅಂದ್ರೆ ಸುಮಿತ್ರ ಎಲ್ಲಿಗೆ ಹೋದ್ಲು? ನೆಂಟರ ಮನೆಗಾ? ತಿದ್ದೋ’ ಎಂದಿದ್ದಾಳೆ. ರೈಟರು ಬಯ್ಯುತ್ತಾರೆ ಎಂದು ಬಾಬು ಹಿಂಜರಿದಾಗ ‘ರೈಟರಿಗೆ ನಾನ್ ಹೇಳ್ತೀನಿ. ಅವಳು ಹೇಳಿಕೊಟ್ಟಿದ್ದು ಹಿಂಗಾ?’ ಎಂದು ಗದರಿದ್ದಾಳೆ. ಅಂದಿನಿಂದ ನಾನು ಒಂದು ಕಳೆದು ಕೂಗುವುದು, ಅವರಿಬ್ಬರು ಒಂದು ಸೇರಿಸಿ ಬರೆಯುವುದು. ಸುಮಿತ್ರಾ ಹೋಗಿ ಬಂದಿದ್ದ ಮನೆಗಳವರೂ ಹಲಗೆ ನೋಡಿ ತಾವಾಗಿಯೇ ಒಳಗಿದ್ದರು. ಗಿರಿಜಕ್ಕ ಆರೂ ದಿನದ್ದನ್ನು ಬಾಯಲ್ಲೇ ಒಪ್ಪಿಸಿದಳು. ‘ಮೊದಲ್ನೇ ದಿನ ಮಳೆ ಒಂದಿಂಚು ಇಪ್ಪತ್ತು, ಪಾಸಿಟಿವ್ ಒಂದು. ಮಾರನೇ ದಿನ ಮಳೆ ತೊಂಬತ್ತು ಸೆಂಟು, ಪಾಸಿಟಿವ್ ಒಂದು...’ ಪ್ರತಿದಿನದ ಒಂದನ್ನೂ ಅವಳು ಸ್ವಲ್ಪ ನಿಧಾನವಾಗಿ ಹೇಳಿದಳು.

‘ಏಳನೇ ದಿನ?’ ಎಂದೆ.

‘ಅವತ್ತು ಮಳೆ ಮಾತ್ರ ಬರೆದ. ಈ ಕಡೆ ಖಾಲಿ ಬಿಟ್ಟ. ಯಾಕೋ ಅಂದೆ. ಹೆಸರು ಬರೀಬಾರ್ದು ಅಂತ ಅಕ್ಕ ಹೇಳಿದಾರೆ, ಅಕ್ಕನ್ನ ಹೆಸರಿಲ್ದೆ ಬರೆಯೋಕೆ ನಂಗೆ ಬರಲ್ಲ ಅಂದ.’

ಅಂಗಡಿಯ ಬೆಂಚಿನ ಮೇಲೆ ಕೂತೆ. ಸುಮಿತ್ರಾ ಹೋದ ಮೇಲೆ ಅತ್ತದ್ದು ಅಲ್ಲೇ ಮೊದಲು. ಗಿರಿಜಕ್ಕ ಒಂದು ಬನ್ನು ತೆಗೆದು ಕೈಗೆ ಕೊಟ್ಟಳು. ಅತ್ತು ಮುಗಿಸಿ ಬನ್ನು ತಿಂದು ಸೀಮೆಸುಣ್ಣ ಹಿಡಿದೆ. ಅವತ್ತಿನ ಮಳೆ ಬರೆದೆ. ಸುಮಿತ್ರಾಳ ಅರ್ಧದಲ್ಲಿ ಅವತ್ತಿನ ಸುದ್ದಿ ಬರೆದೆ. ಹಿಂದೆ ನಿಂತು ಗಟ್ಟಿಯಾಗಿ ಓದಿದೆ. ‘ಆಯ್ತು, ಕೇಳ್ತು’ ಎಂದಳು ಗಿರಿಜಕ್ಕ.

ಈಗ ಆ ಅರ್ಧದಲ್ಲಿ ಬೇರೆ ಬೇರೆ ಸುದ್ದಿ ಇರುತ್ತದೆ. ಗಬ್ಬದ ದನ ಕಳೆದಿದೆ, ಸೊಸೈಟಿಗೆ ಅಕ್ಕಿ ಬಂದಿದೆ, ನಾಳೆ ಕರೆಂಟಿಲ್ಲ. ‘ಇದೀಯ’ ಎಂದು ನಾನು ಅವಳಿಗೆ ಆರು ಸಲ ಹೇಳಿದ್ದು ಸುಳ್ಳಾಗಲಿಲ್ಲವಲ್ಲ ಎಂದು ಹಲಗೆ ಒರೆಸುವಾಗ ಒಮ್ಮೊಮ್ಮೆ ನೆನೆಯುತ್ತೇನೆ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

ಹೇಳುವುದೊಂದು ಉಳಿಯಿತು. ಬಂದು ಹೋಗುವುದಕ್ಕೆ ಅಡ್ಡಿಯಿಲ್ಲ ಎಂದಾದ ಮೇಲೆ ಮೊದಲು ಮನೆಗೆ ಬಂದವರು ಬಾಳೂರು ಕಡೆಯ ಆ ಯಜಮಾನರು. ಕಣ ದಾಟಿ ಬಂದು, ಮಾಸ್ಕ್ ಸರಿಮಾಡಿಕೊಂಡು, ದೂರದಲ್ಲಿ ಕೂತರು. ‘ಅವತ್ತು ನಿಮ್ಮಲ್ಲಿ ಮಳೆ ಎಷ್ಟಿತ್ತು ರೈಟರ್ರೆ?’ ಎಂದು ಕೇಳಿದರು.

‘ಒಂದಿಂಚು ಎಂಟು’ ಎಂದೆ. ಒಂದು ಸೆಂಟೂ ಸೇರಿಸಲಿಲ್ಲ.