ಈ ಮಷೀನಿಗೆ ಹತ್ತಂಗಿಲ್ಲ

ನನ್ನ ತಮ್ಮ ಕೇಳಿದ್ದು ಒಂದೇ ಕೆಲಸ. ಅಂಗಡಿಯ ಕಂಪ್ಯೂಟರಿಗೆ ಅದನ್ನು ನಡೆಸುವ ಹೊಸ ಓಎಸ್ ಹಾಕಿಸು ಎಂದ. ನಾನು ಹಾಕಿಸಲಿಲ್ಲ. ಬರೀ ಹಾಕಿಸದೆ ಬಿಟ್ಟಿದ್ದರೆ ಸೋಮಾರಿತನ ಎನ್ನಬಹುದಿತ್ತು. ಹಾಕಲು ಬಂದವನನ್ನು ವಾಪಸು ಕಳಿಸಿ, ಕಣ್ಣು ಹೋಗುತ್ತಿದ್ದ ತಮ್ಮನ ಮುಂದೆ ನಿಂತು, “ಈ ಮಷೀನಿಗೆ ಅದು ಹತ್ತಂಗಿಲ್ಲಂತ” ಎಂದು ಸುಳ್ಳು ಹೇಳಿದೆ. ಆ ಸುಳ್ಳು ಏಳು ತಿಂಗಳು ನಮ್ಮ ಮನೆಯಲ್ಲಿ ನಮ್ಮ ಜೊತೆಗೇ ಉಂಡಿತು.

ನಾನು ಓದಿದ್ದು ಆರನೇ ಇಯತ್ತೆ. ಅಷ್ಟರಲ್ಲಿ ಅವ್ವ ತೀರಿಕೊಂಡಳು, ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದೆ. ಅವನು ಓದಿದ. ತೆಲುಗು ಗಡಿಯ ನಮ್ಮ ಮಕ್ತಲದಲ್ಲಿ ನಾರಾಯಣಪೇಟೆ ರಸ್ತೆಗೆ ಮುಖ ಮಾಡಿ ಒಂದು ಮಳಿಗೆ ಹಿಡಿದು ಮದುವೆ ಕಾರ್ಡು ಹೊಡೆಯುವ ಅಂಗಡಿ ಇಟ್ಟ. ನಮ್ಮ ಕಡೆ ಬೀಗರು ಅರ್ಧ ರಾಯಚೂರು ಸೀಮೆಯಲ್ಲಿ, ಅರ್ಧ ಗದ್ವಾಲದ ಕಡೆ. ಅದಕ್ಕೆ ಕಾರ್ಡಿನ ಒಂದು ಮಗ್ಗಲು ಕನ್ನಡ, ಒಂದು ಮಗ್ಗಲು ತೆಲುಗು. ಮೂವತ್ತೈದು ದಾಟಿದ ಮೇಲೆ ನನ್ನನ್ನು ಕುರ್ಚಿಯಲ್ಲಿ ಕೂಡಿಸಿ ಅವನೇ ಕಂಪ್ಯೂಟರು ಕಲಿಸಿದ.

ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅದು ಹೊರಗೆ ಯಾರಿಗೂ ಗೊತ್ತಿರಲಿಲ್ಲ. ನಾನು ಕಲಿತದ್ದು ಜಾಗ. ಪರದೆಯ ಎಡಕ್ಕೆ ಮೂರನೆಯ ಚಿತ್ರ ಒತ್ತಿದರೆ ಕಾರ್ಡುಗಳು. ಮೇಲಿನ ಸಾಲಿನಲ್ಲಿ ಎರಡನೆಯದನ್ನು ಒತ್ತಿ, ಕೆಳಗೆ ಐದು ಎಣಿಸಿದರೆ ಪ್ರಿಂಟು. ಕತ್ತಲೆಯಲ್ಲೂ ಅಡುಗೆಮನೆಯ ಉಪ್ಪಿನ ಡಬ್ಬಿ ಕೈಗೆ ಸಿಗುತ್ತದಲ್ಲ, ಹಾಗೆ. ಬಂದವರು ನನ್ನ ಬೆರಳು ಓಡುವುದನ್ನು ನೋಡಿ, “ಯವ್ವಾ, ಎಷ್ಟು ಓದೀದಿ?” ಎಂದು ಕೇಳುತ್ತಿದ್ದರು. ನಾನು ನಗುತ್ತಿದ್ದೆ.

ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಅಚ್ಚಿಗೆ ಹಾಕುವ ಮೊದಲು ಮದುವೆ ಮನೆಯ ಹಿರಿಯರನ್ನು ಬೆಂಚಿನ ಮೇಲೆ ಕೂಡಿಸಿ, ಮೇಲಿನ ದೇವರ ಹೆಸರಿನಿಂದ ಹಿಡಿದು ಕೊನೆಯ ಸಾಲಿನ ತನಕ ತಮ್ಮ ಗಟ್ಟಿಯಾಗಿ ಓದುತ್ತಿದ್ದ. ಹಿರಿಯರಲ್ಲಿ ಎಷ್ಟೋ ಜನಕ್ಕೆ ಅಕ್ಷರ ಬರುತ್ತಿರಲಿಲ್ಲ, ಕಿವಿ ಮಾತ್ರ ಬಲು ಚುರುಕು. ಕೆ.ಟಿ. ದೊಡ್ಡಿಯ ಕುರಿಗಾರರೊಬ್ಬರು ತಮ್ಮ ಮನೆದೇವರು ಬೀರಪ್ಪನ ಹೆಸರು ಕೇಳಿದಾಗೆಲ್ಲ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದರು. ಎಲ್ಲ ಕೇಳಿ, “ಬರೋಬ್ಬರಿ ಐತಿ, ಹೊಡೀರಿ” ಎಂದ ಮೇಲೆಯೇ ಮಷೀನು ಓಡುತ್ತಿತ್ತು.

ತಮ್ಮನ ಕಣ್ಣಿಗೆ ಮೊದಲು ಸಂಜೆಯ ಹೊತ್ತು ಮಸುಕಾಯಿತು. ಆಮೇಲೆ ಮಗ್ಗಲಿನಿಂದ ಬರುವ ಸೈಕಲ್ಲು ಕಾಣದಾಯಿತು. ರಾಯಚೂರಿನ ಕಣ್ಣಿನ ಡಾಕ್ಟರು, ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದೂ ಎಷ್ಟು ದಿನವೋ ಹೇಳಲಾಗದು ಎಂದರು. ಅವನು ಅಳಲಿಲ್ಲ. ಎಲ್ಲಿಂದಲೋ ಒಂದು ಸುದ್ದಿ ಹುಡುಕಿ ತಂದ.

“ಅಕ್ಕಾ, ಹೊಸ ಓಎಸ್‌ನಾಗ ಮಷೀನೇ ಕನ್ನಡ ಓದತೈತಂತ. ನಾವು ಟೈಪ್ ಬಡಿದಿದ್ದು ನಮಗ ಕೇಳಿಸ್ತೈತಿ. ನಮ್ಮ ಹಳೇದ್ರಾಗ ಅದಿಲ್ಲ. ಹಾಕ್ಸಿಬಿಡು. ಕಣ್ಣ ಹೋದ್ರೂ ನಾ ಅಂಗಡ್ಯಾಗ ಕುಂದ್ರಬಹುದು.”

“ಲಗ್ನದ ಸೀಜನ್ ಮುಗೀಲಿ” ಎಂದೆ.

ಸೀಜನ್ ಮುಗಿಯಿತು. “ತೆಲುಗಿನವರ ಶ್ರಾವಣದ ಲಗ್ನ ಆಗ್ಲಿ” ಎಂದೆ. ಅವನಿಗೆ ಬೇಕಾದದ್ದು ಅಂಗಡಿಯಲ್ಲಿ ಒಂದು ಕುರ್ಚಿ. ನನಗೆ ಗೊತ್ತಿತ್ತು. ಆದರೆ ಹೊಸದು ಬಂದರೆ ಆ ಮೂರನೆಯ ಚಿತ್ರ ಎಲ್ಲಿರುತ್ತದೆ? ಜನರ ಎದುರಿಗೆ ಕುಳಿತು ನಾನು ಪರದೆಯ ಮೇಲೆ ಏನು ಹುಡುಕಲಿ? ನಾನು ಮತ್ತೆ ಆರನೇ ಇಯತ್ತೆಯವಳಾಗುತ್ತಿದ್ದೆ. ಇದನ್ನು ಅವನಿಗೆ ಹೇಳಲು ಬಾಯಿ ಬರಲಿಲ್ಲ. ಹೇಳಿದ್ದರೆ ಅವನು ನಕ್ಕು ಕಲಿಸುತ್ತಿದ್ದನೋ ಏನೋ.

ಕೊನೆಗೆ ಅವನೇ ನಾರಾಯಣಪೇಟೆಯಿಂದ ರಿಪೇರಿಯವನನ್ನು ಕರೆಸಿದ. ಅವನು ಬಂದ ದಿನ ತಮ್ಮ ಜ್ವರ ಬಂದು ಮನೆಯಲ್ಲಿ ಮಲಗಿದ್ದ. ರಿಪೇರಿಯವನು ಕಂಪ್ಯೂಟರಿನ ಡಬ್ಬದ ಹಿಂದಿನ ಮುಚ್ಚಳ ಬಿಚ್ಚಿ ನೋಡಿ, “ಅಕ್ಕಾರ, ಮಷೀನು ಗಟ್ಟಿ ಐತ್ರಿ. ಒಂದು ಸಣ್ಣ ಸಾಮಾನು ಹಾಕಿದ್ರ ಹೊಸದು ಓಡತೈತಿ. ಮಧ್ಯಾಹ್ನದೊಳಗ ಮುಗಿಸ್ತೀನಿ” ಎಂದ.

“ಬ್ಯಾಡಪ್ಪ.”

“ಯಾಕ್ರಿ?”

“ಇದು ಚಲೋ ನಡದೈತಿ. ನಡಿಯೋದನ್ಯಾಕ ಕೆಡಸೋದು?”

ಅವನು ಸ್ಕ್ರೂ ತಿರುಗಿಸುತ್ತಲೇ ನಕ್ಕ. “ಎಲ್ಲಾರೂ ಹಿಂಗ ಅಂತೀರಿ. ನಾ ಹಲ್ಲು ಕೀಳಾಕ ಬಂದವನಂಗ ಬಾಯಿ ಮುಚ್ಕೊಂಡು ಕುಂದರ್ತೀರಿ.”

ಅವನನ್ನು ಚಹಾ ಕುಡಿಸಿ ಕಳಿಸಿದೆ. ಮನೆಗೆ ಹೋಗಿ ತಮ್ಮನ ಹಣೆ ಮುಟ್ಟಿ ನೋಡಿ, ಆ ಮಾತು ಹೇಳಿದೆ. ಅವನು “ಹತ್ತಂಗಿಲ್ಲಂದ್ರ ಏನ್ ಮಾಡಾಕ ಬರ್ತೈತಿ” ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಆ ಏಳು ತಿಂಗಳು ನಾನು ನನ್ನಂಥವರನ್ನೇ ಹುಡುಕಿಕೊಂಡು ಓಡಾಡಿದೆ. ನಾರಾಯಣಪೇಟೆಗೆ ಕಾಗದ ತರಲು ಹೋದಾಗ ಸೀರೆ ವ್ಯಾಪಾರಿಯ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮರನ್ನು ಕೇಳಿದೆ. “ಓಎಸ್ ಬದಲಾಯಿಸಿದ್ರೇನ್ರಿ?” ಎಂದರೆ ಅವರು ಎದೆ ಮುಟ್ಟಿಕೊಂಡರು. ಸೀರೆಗೆ ಅಂಟಿಸುವ ಚೀಟಿ ಹೊಡೆಯುವ ಅವರ ಯಂತ್ರ ಹಳೆಯ ಓಎಸ್ ಬಿಟ್ಟರೆ ಬೇರೆಯದರ ಮಾತು ಕೇಳುವುದಿಲ್ಲವಂತೆ. “ಅದು ನಿಂತ್ರ ನಾ ನಿಂತಂಗ” ಎಂದರು. ನಮ್ಮ ಓಣಿಯ ನಿವೃತ್ತ ಮಾಸ್ತರರು ಮೊಮ್ಮಗಳ ಫೋಟೋ ಎಲ್ಲಿ ಮಾಯವಾಗುತ್ತವೋ ಎಂದು ಮನೆಯ ಕಂಪ್ಯೂಟರಿಗೆ ಯಾರ ಕೈಯನ್ನೂ ತಾಗಿಸುತ್ತಿರಲಿಲ್ಲ. ಬೀಜದ ಅಂಗಡಿಯವನು, “ಹೊಸದು ಕಲಿಯೋ ಮೂರು ದಿನ ಗಿರಾಕಿ ಎದುರಿನ ಅಂಗಡಿಗೆ ಹೋಗ್ತಾರ” ಎಂದ. ಅವರವರ ಹೆದರಿಕೆ ಅವರವರಿಗೆ ಖರೇ. ನಾನು ಮಾತ್ರ ಅವನ್ನೆಲ್ಲ ಒಟ್ಟು ಮಾಡಿ ನನ್ನ ಸುಳ್ಳಿನ ಮೇಲೆ ಹೊದಿಸುತ್ತಿದ್ದೆ. ಅವರು ಯಾರ ಕುರ್ಚಿಯನ್ನೂ ಕಸಿದಿರಲಿಲ್ಲ.

ತಮ್ಮ ಅಂಗಡಿಯ ಹಿಂದಿನ ಕೋಣೆಗೆ ಸರಿದ. ಅಲ್ಲಿ ಕಾರ್ಡುಗಳನ್ನು ಬೆರಳಿನಿಂದ ಎಣಿಸಿ ಕಟ್ಟು ಕಟ್ಟುತ್ತಿದ್ದ. ಓದಿ ಕೇಳಿಸುವ ಕೆಲಸ ನನಗೆ ಬಂತು. ನಾನು ತಡವರಿಸುತ್ತಿದ್ದೆ. ಹಿರಿಯರು ಎರಡು ಸಾಲು ಕೇಳಿ, “ಇರ್ಲಿ ಬಿಡವಾ, ನೀ ಹೊಡಿ” ಎನ್ನುತ್ತಿದ್ದರು. ನನಗೂ ಅದೇ ಬೇಕಿತ್ತು. ಮೆಲ್ಲಗೆ ಆ ಪದ್ಧತಿ ಬಿಟ್ಟೇ ಹೋಯಿತು.

ಒಂದು ದಿನ ಮಧ್ಯಾಹ್ನ ಅಪ್ಪ, ಮಗ ಇಬ್ಬರು ಬಂದರು. ಕೊತ್ತಪಲ್ಲಿಯ ಲಿಂಗಾಯತ ಮನೆತನ, ಹಿಂದಿನ ವಾರ ಕಾರ್ಡು ಒಯ್ದವರು. ಮಗ ಕಾರ್ಡನ್ನು ಮೇಜಿನ ಮೇಲೆ ಒಗೆದ. ಮುದುಕರು ಬೆಂಚಿನ ಮೇಲೆ ಆರಾಮಾಗಿ ಕೂತರು.

“ಯವ್ವಾ” ಎಂದರು, “ನನ್ನ ಮಣ್ಣು ಯಾವಾಗಾತು? ನನಗ ತಿಳಿಸಲೇ ಇಲ್ಲಲ್ಲ.”

ನನಗೆ ಅರ್ಥವಾಗಲಿಲ್ಲ. ಕಾರ್ಡು ಎತ್ತಿಕೊಂಡು ನೋಡಿದೆ. ಆ ಮುದುಕರ ಹೆಸರಿಗೆ ಮೊದಲು “ಲಿಂ.” ಎಂದಿತ್ತು. ತೀರಿಕೊಂಡು ಲಿಂಗೈಕ್ಯರಾದವರ ಹೆಸರಿಗೆ ಮಾತ್ರ ಹಾಕುವ ಅಕ್ಷರ. ಬೇರೆ ಮನೆತನದ ಹಳೆಯ ಕಾರ್ಡು ತೆಗೆದು, ಹೆಸರು ಅಳಿಸಿ ಹೆಸರು ಕೂಡಿಸಿದ್ದೆ. ಆ ಮನೆಯ ಅಜ್ಜ ತೀರಿಕೊಂಡಿದ್ದರು. ಅವರ ಹೆಸರಿಗೆ ಮೊದಲಿದ್ದ ಆ ಒಂದು ಅಕ್ಷರ ಹಾಗೆಯೇ ಉಳಿದಿತ್ತು.

“ನಗ್ಯಾಡಬ್ಯಾಡಪ್ಪಾ” ಎಂದು ಮಗ ಗದರಿದ. “ಕಾರ್ಡು ಹಂಚಿ ಮುಗಿಸೀವ್ರಿ. ನಿನ್ನೆ ಮಾನೋಪಾಡಿನ ಬೀಗರು ಹಾರ ಹಿಡ್ಕೊಂಡು ಬಂದಿದ್ರು. ಹೆಣ್ಮಕ್ಕಳು ಊರ ಅಗಸಿ ಬಾಗಿಲಿಂದನ ಅಳಕೋತ ಬಂದ್ರು!”

“ಹಾರ ಚಲೋ ಇತ್ತು” ಎಂದರು ಮುದುಕರು. ಲಗ್ನದ ಮನೆಯಲ್ಲಿ ಸಾವಿನ ಅಳು ಬಿದ್ದಿತ್ತು. ಗಂಡಿನ ಕಡೆಯವರು ಅಪಶಕುನ ಎಂದರೆ ಅವರ ಮನೆಯ ಮದುಮಗಳ ಗತಿ ಏನು ಎಂಬುದು ನಮ್ಮ ಮೂವರಲ್ಲಿ ಯಾರೂ ಬಾಯಿ ಬಿಟ್ಟು ಹೇಳದ ಮಾತು. ಕೈಮುಗಿದೆ. ಅವರ ಎದುರಿಗೇ ಎಲ್ಲ ಕಾರ್ಡು ಹೊಸದಾಗಿ ಹೊಡೆದುಕೊಟ್ಟೆ. ದೇವರ ದಯೆ, ಮದುವೆ ನಿಲ್ಲಲಿಲ್ಲ.

ಅವರು ಹೋದ ಮೇಲೆ ಹಿಂದಿನ ಕೋಣೆಯಿಂದ ತಮ್ಮ ಕೇಳಿದ. “ಓದಿ ಕೇಳ್ಸಿದ್ದಿ ಏನಕ್ಕಾ?”

“ಇಲ್ಲ.”

“ನಾ ಓದಿದ್ರ ಕಿವಿಗೆ ಬಡೀತಿತ್ತು.”

“ನಿನಗ ಕಾಣಂಗಿಲ್ಲಲ್ಲ!” ಎಂದುಬಿಟ್ಟೆ.

ಕಟ್ಟು ಕಟ್ಟುತ್ತಿದ್ದ ದಾರದ ಸಪ್ಪಳ ನಿಂತಿತು. “ಹೌದು” ಎಂದ. “ಮಷೀನು ಓದಿದ್ರ ಕೇಳ್ತಿತ್ತು. ಆದ್ರ ಈ ಮಷೀನಿಗೆ ಅದು ಹತ್ತಂಗಿಲ್ಲ.” ನನ್ನದೇ ಮಾತು. ನಾನು ಹೇಳಿದ ಧಾಟಿಯಲ್ಲೇ ಹೇಳಿದ. ಅವನಿಗೆ ಗೊತ್ತಾಗಿದೆಯೋ ಇಲ್ಲವೋ ಎಂದು ಆ ದಿನವೆಲ್ಲ ಅವನ ಮುಖ ನೋಡಿದೆ. ಅವನು ನನ್ನ ಮುಖ ನೋಡುವ ಹಾಗಿರಲಿಲ್ಲ.

ಎರಡು ದಿನ ಬಿಟ್ಟು ಬೆಳಿಗ್ಗೆ ಅವನು ಮನೆಯಲ್ಲಿ ಇರಲಿಲ್ಲ. ಅವನು ಹಿಡಿದು ನಡೆಯುವ ಕೋಲೂ ಇರಲಿಲ್ಲ. ಬಸ್ ಸ್ಟ್ಯಾಂಡಿನ ತನಕ ಚಪ್ಪಲಿ ಇಲ್ಲದೆ ಓಡಿದೆ. ಬಾಳೆಹಣ್ಣಿನವಳು, “ಗದ್ವಾಲ ಬಸ್ ಹತ್ತಿಸಿ ಕಳ್ಸೀನಿ, ಯಾಕ ಹಂಗ ಮಾಡ್ತಿ?” ಎಂದಳು. ಗದ್ವಾಲಕ್ಕೆ ಒಬ್ಬನೇ, ಆ ಕಣ್ಣಿನಲ್ಲಿ! ಫೋನು ಹಚ್ಚಿದರೆ ಎತ್ತಲಿಲ್ಲ. ಅಂಗಡಿ ತೆಗೆದೆ, ಒಂದು ಅಕ್ಷರ ಬಡಿಯಲಾಗಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅವನು ಬಾಗಿಲಲ್ಲಿ ನಿಂತಿದ್ದ. ಮೊಣಕಾಲಿನ ಹತ್ತಿರ ಪ್ಯಾಂಟು ಹರಿದಿತ್ತು.

ಗದ್ವಾಲದಲ್ಲಿ ಹುಟ್ಟಿನಿಂದ ಕಣ್ಣಿಲ್ಲದ ಮಾಸ್ತರರೊಬ್ಬರ ಮನೆಗೆ ಹೋಗಿದ್ದನಂತೆ. ಅವರ ಕಂಪ್ಯೂಟರು ದಿನಪೂರ್ತಿ ಅವರಿಗೆ ಓದಿ ಹೇಳುತ್ತದಂತೆ.

“ಅವರ ಮಷೀನು ನಮ್ಮದಕ್ಕಿಂತ ಹಳೇದಂತ ಅಕ್ಕಾ” ಎಂದ. ನಾನು ನೀರು ತರುವ ನೆಪದಲ್ಲಿ ಎದ್ದೆ. ಬೆನ್ನ ಹಿಂದೆ ಅವನ ದನಿ ಬಂತು. “ರಿಪೇರಿಯವನಿಗೆ ಫೋನ್ ಮಾಡೀನಿ. ನಾಳಿ ಬರ್ತಾನ.”

ಮರುದಿನ ರಿಪೇರಿಯವನು ಬಂದ. ತಮ್ಮ ಮೊದಲೇ ಬೆಂಚಿನ ಮೇಲೆ, ಹಿರಿಯರು ಕೂಡುವ ಜಾಗದಲ್ಲಿ ಕೂತಿದ್ದ. ನಾನು ರಿಪೇರಿಯವನ ಕಡೆ ನೋಡಿ ಕಣ್ಣಿನಲ್ಲೇ ಬೇಡಿಕೊಂಡೆ. ಅವನಿಗೆ ಏನು ಗೊತ್ತು ಪಾಪ! ಮುಚ್ಚಳ ಬಿಚ್ಚುತ್ತ, ಎಲ್ಲರಿಗೂ ಕೇಳುವ ಹಾಗೆ, “ಇವತ್ತಾದ್ರೂ ಹಾಕಾಕ ಬಿಡ್ತೀರೇನ್ರಿ ಅಕ್ಕಾರ? ಅವತ್ತು ಚಾ ಕುಡಿಸಿ ಓಡ್ಸಿದ್ರಿ!” ಎಂದು ನಕ್ಕ.

ತಮ್ಮ ನಗಲಿಲ್ಲ. ಸಿಟ್ಟೂ ಮಾಡಲಿಲ್ಲ. ಅವನ ಕೈ ಬೆಂಚಿನ ಅಂಚನ್ನು ಹಿಡಿದುಕೊಂಡಿತು, ಅಷ್ಟೇ. ಮಧ್ಯಾಹ್ನದ ತನಕ ನಾನು ಬಯ್ಗುಳಕ್ಕಾಗಿ ಕಾಯುತ್ತಿದ್ದೆ. ಅದು ಬರಲೇ ಇಲ್ಲ.

“ಅಯ್ಪೋಯಿಂದಿ, ಮುಗೀತ್ರಿ” ಎಂದು ರಿಪೇರಿಯವನು ನಮ್ಮ ಒಂದು ಹಳೆಯ ಮದುವೆ ಕಾರ್ಡು ತೆರೆದು ಓದಿಸಿದ. ಒಂದು ಹೆಣ್ಣಿನ ದನಿ ಬಂತು. ಕನ್ನಡ ಬರಲಿಲ್ಲ. “ಝಡ್… ಎ… ಝಡ್…” ಎಂದು ಎಂಥದೋ ಒದರಿತು. ತಮ್ಮನ ಮುಖ ಬಿದ್ದುಹೋಯಿತು. ರಿಪೇರಿಯವನು ತಲೆ ಕೆರೆದುಕೊಂಡ. “ನಿಮ್ಮ ಹಳೇ ಅಕ್ಷರ ಕಾಣಾಕಷ್ಟ ಕನ್ನಡ ರೀ. ಒಳಗ ಬರೇ ಇಂಗ್ಲಿಷ್ ಅಕ್ಷರ, ಮ್ಯಾಲ ಕನ್ನಡದ ವೇಷ. ಇವನ್ನೆಲ್ಲಾ ಬದಲಿ ಮಾಡ್ಬೇಕು, ಮಾಡಾಕ ಬರ್ತೈತಿ. ಹೊಸದಾಗಿ ಬಡಿದಿದ್ದು ಬರೋಬ್ಬರಿ ಓದತೈತಿ. ಬಡೀರಿ ನೋಡೂಣು. ಕೀಲಿ ಎಲ್ಲಾ ಹಳೇ ಜಾಗದಾಗ ಇಟ್ಟೀನಿ.”

ಅಕ್ಷರದ ಕೀಲಿಗಳು ಎಲ್ಲೂ ಹೋಗಿರಲಿಲ್ಲ! ಮೂರನೆಯ ಚಿತ್ರ ಮಾತ್ರ ಜಾಗ ಬಿಟ್ಟಿತ್ತು. ಅದನ್ನು ಅವನು ಬೆರಳಿಟ್ಟು ತೋರಿಸಿದ. ಇಷ್ಟಕ್ಕೆ ನಾನು ಏಳು ತಿಂಗಳು ತಿಂದಿದ್ದೆ. ಪ್ರಿಂಟರು ಮಾತ್ರ ಮಾತು ಕೇಳಲಿಲ್ಲ. ಅದಕ್ಕೆ ಬೇಕಾದದ್ದನ್ನು ನಾಳೆ ತರುತ್ತೇನೆಂದು ಹೇಳಿ ಅವನು ಹೊರಟ.

ಇಬ್ಬರೇ ಉಳಿದೆವು. ಬೀದಿಯಲ್ಲಿ ಆಟೋ ಹೋದವು, ಬಂದವು. ನಾನು ಕುರ್ಚಿಯಲ್ಲಿ ಕೂತು ಬೆರಳು ಇಟ್ಟೆ. ನಾಲಿಗೆಗೆ ಬಾರದ್ದು ಬೆರಳಿಗೆ ಬರಬಹುದೆನಿಸಿತು. ಬಡಿದೆ, ಓದಿಸಲು ರಿಪೇರಿಯವನು ತೋರಿಸಿದ್ದ ಕೀಲಿ ಒತ್ತಿದೆ. ಮಷೀನು ಅಳುಕಿಲ್ಲದೆ, ನೀರು ಕುಡಿದಷ್ಟು ಸಲೀಸಾಗಿ ಓದಿತು.

“ತಮ್ಮಾ, ನನ್ನಿಂದ ತಪ್ಪಾಯಿತು.”

ಅವನು ತಲೆ ಎತ್ತಿದ. ಕಿವಿಯನ್ನು ಪರದೆಯ ಕಡೆ ತಿರುಗಿಸಿದ. ಎಷ್ಟೋ ತಿಂಗಳಿಂದ ಕಾದ ದನಿ ಅದು. ನಾನು ಅದರ ಮೊದಲ ಮಾತನ್ನೂ ಕೆಡಿಸಿದ್ದೆ.

“ಚಲೋ ಓದತೈತಿ” ಎಂದ. “ಆದ್ರ ಅದು ಮಷೀನು ಅಂದಿದ್ದು. ಮಷೀನು ನನಗೇನು ಮಾಡೈತಿ? ನೀ ಹೇಳು.”

ಎದ್ದು ಹೋಗಿ ಬೆಂಚಿನ ಮೇಲೆ ಅವನ ಮಗ್ಗಲಿಗೆ ಕೂತೆ. ಕಾರ್ಡು ಓದಿ ಕೇಳಿಸುವಾಗ ಆಗುತ್ತಿತ್ತಲ್ಲ, ಹಾಗೆಯೇ ಮೊದಲ ಮಾತಿಗೇ ತಡವರಿಸಿದೆ. ಆದರೂ ಗಟ್ಟಿಯಾಗಿ, ಕೊನೆಯ ತನಕ ಹೇಳಿದೆ.

“ತಮ್ಮಾ, ಮಷೀನಿಗೆ ಹತ್ತತಿತ್ತು. ನಾನ ಬ್ಯಾಡಂದೆ. ನನಗ ಇಂಗ್ಲಿಷ್ ಓದಾಕ ಬರಂಗಿಲ್ಲಂತ ಮಂದಿಗೆ ಗೊತ್ತಾಗ್ತೈತಿ ಅಂತ ಅಂಜಿದೆ. ನಿನ್ನ ಕುರ್ಚಿ ನಾ ಕಸಗೊಂಡೆ. ತಪ್ಪು ನಂದು. ಅದನ್ನ ಹೊಟ್ಯಾಗ ಹಾಕ್ಕೊಳಪ್ಪ.”