ಬೆಲ್ಲ ಸವರಿದ ಹಾಸಗಲ್ಲು

ಕನಕಗಿರಿ ಹತ್ರ ಒಂದು ಸಣ್ಣ ಅಡವಿ ಐತ್ರಿ. ನಾನು, ಗೆಳೆಯ ಮಂಜ್ಯಾ ಗುಡ್ಡ ಹತ್ತಿ, ಛಲೋ ಹಾಸಗಲ್ಲು ಸಿಕ್ತಂತ ಅದರ ಮ್ಯಾಲೇ ಟೆಂಟ್ ಹಾಕಿದ್ವಿ. ಹೊತ್ತು ಇನ್ನೂ ಮುಳುಗಿರಲಿಲ್ಲ, ಅಡವಿ ಕಾಯೋ ಕಾಕಾ ಒಬ್ರು ಬಕೆಟ್ ಹಿಡ್ಕೊಂಡು ಬಂದ್ರು. "ಸ್ವಲ್ಪ ಸರೀರಪಾ" ಅಂದವ್ರೇ ಟೆಂಟಿನ ಸುತ್ತ ಕಲ್ಲಿಗೆಲ್ಲಾ ಬೆಲ್ಲದ ಪಾಕ ಬಳಿಯಾಕ ಹತ್ತಿದ್ರು!

"ಕಾಕಾ, ಪೂಜಾ ಐತೇನ್ರಿ?" ಅಂದೆ.

"ಎಲ್ಲೀ ಪೂಜಾ! ಕರಡಿ ಊರಾಗ ಬರಬಾರದಂತ ದಿನಾ ಇಲ್ಲೇ ತಿನ್ನಾಕ ಇಡ್ತೀನಿ."

ನಾನು ಗಡಬಡಿಸಿ ಎದ್ದು ನಿಂತೆ. "ಯಾವಾಗ ಬರ್ತಾವ್ರಿ?"

"ಬಂದಾವಲ್ಲ! ನಾ ಹೋಗೂದನ್ನ ಆ ಪೊದಿ ಹಿಂದ ಕಾಯಾಕತ್ತಾವ."

ಮಂಜ್ಯಾ ಅವರ ಕೈ ಗಟ್ಟಿ ಹಿಡ್ಕೊಂಡ. "ಹಂಗಾರ ನೀವು ಹೋಗಬ್ಯಾಡ್ರಿ!"

"ನಾ ಇಲ್ಲೇ ಕುಂತ್ರ ಅವು ಉಪವಾಸ ಬೀಳ್ತಾವಲೋ!"

ಟೆಂಟ್ ಮಡಚಲಿಲ್ಲ, ಹಂಗೇ ಎಳ್ಕೊಂಡು ಕಾಕಾಗಿಂತ ಮೊದ್ಲ ಕೆಳಗಿಳಿದ್ವಿ. ಅಡವ್ಯಾಗ ಮಲಗಬೇಕಂತ ಹೋಗಿ ಕರಡಿ ತಾಟಿನ್ಯಾಗ ಹಾಸಿಗಿ ಹಾಸಿದ್ವಿ ನೋಡ್ರಿ!