ಬಾಯಿಪಾಸು

ನನ್ನ ಅಂಗಿಯ ತೋಳಿಗೆ ಬಂಗಡೆ ಮೀನಿನ ವಾಸನೆ ಇದೆ ಎಂದು ಕಚೇರಿಯಲ್ಲಿ ಪಕ್ಕದ ಮೇಜಿನವರು ಆಗಾಗ ಹೇಳುತ್ತಾರೆ. ಇದೆ, ಒಪ್ಪಿಕೊಳ್ಳುತ್ತೇನೆ. ಸೋಮವಾರ ಮಾತ್ರ ಇರುವುದಿಲ್ಲ. ಉಳಿದ ದಿನಗಳ ವಾಸನೆಗೆ ಕಾರಣ ನಾನೇ ಎಳೆದ ಒಂದು ಗೆರೆ.

ಕಾರವಾರದ ಕಚೇರಿಯೊಂದರಲ್ಲಿ ರಸ್ತೆಗಳ ನಕ್ಷೆ ಬರೆಯುವುದು ನನ್ನ ಕೆಲಸ. ಮನೆ ಅಂಕೋಲೆಯ ಮೂಡು ಮಗ್ಗುಲಲ್ಲಿ, ಗುಡ್ಡದ ಬುಡಕ್ಕೆ. ನಕ್ಷೆ ಬರೆಯುವವನಿಗೆ ಒಂದು ಗರ್ವ ಇರುತ್ತದೆ ನೋಡಿ. ಅವನು ಪೆನ್ಸಿಲ್ ಎಳೆದಲ್ಲಿ ಗುಡ್ಡ ಕಡಿಯುತ್ತಾರೆ, ಗದ್ದೆ ತುಂಬುತ್ತಾರೆ. ಮನೆಯಲ್ಲಿ ಒಂದು ಕುರ್ಚಿ ಸರಿಸುವುದಕ್ಕೂ ಹೆಂಡತಿಯ ಒಪ್ಪಿಗೆ ಬೇಕು ಎನ್ನುವುದು ಬೇರೆ ಮಾತು.

ನಮ್ಮ ಕಡೆಯ ಹಳೆಯ ರಸ್ತೆಗಳನ್ನು ಯಾವ ನಕ್ಷೆಯವನೂ ಬರೆದದ್ದಲ್ಲ. ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಗುಡ್ಡ, ನಡುನಡುವೆ ಹೊಳೆ. ಉಳಿದ ಜಾಗದಲ್ಲಿ ಗಾಡಿಯ ಎತ್ತುಗಳು ದಾರಿ ಮಾಡಿಕೊಂಡವು. ಕೆಸರು ಕಂಡಲ್ಲಿ ಬಳಸಿದವು, ನೆರಳು ಕಂಡಲ್ಲಿ ನಿಂತವು. ನಾವು ಅದರ ಮೇಲೆ ಡಾಂಬರು ಸುರಿದು ರಸ್ತೆ ಎಂದೆವು. ಪೇಟೆಯಲ್ಲಿ ಎದುರುಬದುರು ಎರಡು ಲಾರಿ ಬಂದರೆ ಅಂಗಡಿಯವರು ಬಾಳೆಗೊನೆಯನ್ನು ಒಳಗೆ ಎಳೆದುಕೊಳ್ಳಬೇಕು, ಅಷ್ಟು ಇಕ್ಕಟ್ಟು. ಹೀಗಾಗಿ ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ, ಬಾಳೆಗುಳಿಯ ಹತ್ತಿರ ಊರನ್ನು ಬಳಸಿ ಹೋಗುವ ಒಂದು ತುಂಡು ರಸ್ತೆಯ ಕೆಲಸ ನನ್ನ ಮೇಜಿಗೆ ಬಂತು.

ಅದಕ್ಕೆ ಬೈಪಾಸು ಎಂದು ಹೆಸರು. ಆಗ ನಮ್ಮಲ್ಲಿ ಬೈಪಾಸು ಅಂದರೆ ಎದೆಯ ಆಪರೇಶನ್ನು. "ಬರುವ ತಿಂಗಳು ಬೈಪಾಸು ಶುರು ಮಾಸ್ತರರೇ" ಎಂದು ನಾನು ಹೆಮ್ಮೆಯಿಂದ ಹೇಳಿದಾಗ, ನೆರೆಮನೆಯ ಮಾಸ್ತರರು ನನ್ನ ಕೈ ಹಿಡಿದುಕೊಂಡು "ಧೈರ್ಯವಾಗಿರು" ಎಂದಿದ್ದರು.

ಆದರೆ ಆ ಶಬ್ದವನ್ನು ಶೇವಂತಿಬಾಯಿಯಷ್ಟು ಚೆನ್ನಾಗಿ ಯಾರೂ ತಿಳಿದುಕೊಳ್ಳಲಿಲ್ಲ. ಭಾವಿಕೇರಿಯ ಕಡೆಯಿಂದ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು, ಪೇಟೆ ದಾಟಿ, ಗದ್ದೆಯ ಬದುವಿನ ಮೇಲೆ ನಡೆದು ನಮ್ಮ ಕೇರಿಗೆ ಬರುವವಳು ಅವಳು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಕೊಂಕಣಿ ಮಾತಿನ ಮನೆಗಳಲ್ಲಿ ಅವಳನ್ನು ಬಾಯಿ ಎನ್ನುತ್ತಿದ್ದರು, ಕೇಳಿ ಕೇಳಿ ನಾವೂ ಹಾಗೇ ಅನ್ನುತ್ತಿದ್ದೆವು. ಮೀನಿನ ಬುಟ್ಟಿ ಕಂಡರೆ ಕಂಡಕ್ಟರು ಬಸ್ಸು ಹತ್ತಗೊಡುವುದಿಲ್ಲ ಎಂಬುದು ಅವಳ ಹಳೆಯ ಸಂಕಟ. ಒಂದು ದಿನ ನಮ್ಮ ಜಗಲಿಯಲ್ಲಿ ಬುಟ್ಟಿ ಇಳಿಸಿ ಮುಖವರಳಿಸಿ ಕೇಳಿದಳು.

"ತಮ್ಮಾ, ನಿಮ್ಮ ಆಪೀಸಿನಾಗೆ ಬಾಯಿಪಾಸು ಕೊಡ್ತ್ರಂತಲ್ಲ? ಪೋಟೋ ಬೇಕಾ?"

ನನಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಶಾಲೆಯ ಮಕ್ಕಳಿಗೆ ಬಸ್ ಪಾಸ್ ಇರುವಂತೆ ಮೀನು ಮಾರುವ ಬಾಯಿಯರಿಗೆ ಬಾಯಿಪಾಸು! ಅದು ಪಾಸಲ್ಲ, ಊರು ಬಳಸಿ ಹೋಗುವ ರಸ್ತೆ ಎಂದು ತಿಳಿಸಿದೆ. ದೊಡ್ಡ ದೊಡ್ಡ ಶಹರಗಳಲ್ಲಿ ಊರಿನ ಸುತ್ತಲೂ ದುಂಡಗೆ ಇಂಥದೇ ರಸ್ತೆ ಇರುತ್ತದೆ ಎಂದೆಲ್ಲ ನನ್ನ ಪಾಂಡಿತ್ಯ ಬಿಚ್ಚಿದೆ. ಅವಳು ತಲೆಯ ಮೇಲಿನ ಬಟ್ಟೆಯ ಸಿಂಬೆಯನ್ನು ಕೈಗೆತ್ತಿಕೊಂಡು "ಹಿಂಗಾ?" ಎಂದಳು. ಹೌದು, ಹಾಗೇ.

"ಸಿಂಬಿ ಇಟ್ರೆ ತಲಿಗೆ ಸುಖ. ನಿಮ್ಮ ರಸ್ತೆಯಿಂದ ಯಾರಿಗೆ ಸುಖ? ನಾ ನಡ್ಕಂಡು ಬರೂ ಗದ್ದೆ ಮೇಲೇ ಹೋಗ್ತದಲ್ಲ ಅದು. ನಾ ಈಚೆ ಬರೂದು ಹ್ಯಾಂಗೆ?"

ನಾಚಿಕೆಯಾಯಿತು. ಎಂಟು ದಿನ ಆ ಗೆರೆಯನ್ನು ತಿದ್ದಿ ತೀಡಿದ್ದೆ, ಅದರ ಕೆಳಗೆ ನಡೆಯುವವರು ನೆನಪಾಗಿರಲಿಲ್ಲ. ಗದ್ದೆಯ ಮೇಲೆ ಆಳೆತ್ತರದ ಮಣ್ಣು ಏರಿಸಿದರೆ ನಮ್ಮ ಕೇರಿಯ ಹತ್ತು ಹನ್ನೆರಡು ಮನೆಗಳು ಅವಳ ಕೈತಪ್ಪುತ್ತವೆ. ಅವಳ ಅರ್ಧ ಬುಟ್ಟಿ ಖಾಲಿಯಾಗುವುದೇ ಇಲ್ಲಿ. ಮರುದಿನ ಸಾಹೇಬರನ್ನು ಕಾಡಿ ಬೇಡಿ, ಗದ್ದೆ ನೀರಿಗೆಂದು ರಸ್ತೆಯಡಿ ಇಟ್ಟಿದ್ದ ಮೋರಿಯನ್ನು ಜನ ನಡೆದು ಹೋಗುವಷ್ಟು ದೊಡ್ಡದು ಮಾಡಿಸಿದೆ. ಎತ್ತರ ಎಷ್ಟು ಬೇಕು ಎಂದರು. ನಾನು ಗೋಡೆಗೆ ಒತ್ತಿ ನಿಂತೆ, ತಲೆಯ ಮೇಲೆ ಪಟ್ಟಿ ಇಟ್ಟು ಗುರುತು ಹಾಕಿದೆ, ಮೇಲೆ ಒಂದು ಗೇಣು ಧಾರಾಳವಾಗಿ ಸೇರಿಸಿದೆ. ಆ ರಾತ್ರಿ ಊಟ ರುಚಿಸಿತು.

ರಸ್ತೆ ಆಗುವಾಗ ಎರಡು ಮಳೆಗಾಲ ಕಳೆದವು. ಮೋರಿಯೂ ಆಯಿತು. ಶೇವಂತಿಬಾಯಿ ಮೊದಲ ದಿನ ಅದರ ಬಾಯಿಗೆ ಬಂದು ನಿಂತುಬಿಟ್ಟಳು. ಅವಳು ಹಿಡಿಸುತ್ತಾಳೆ, ತಲೆಯ ಮೇಲಿನ ಬುಟ್ಟಿ ಹಿಡಿಸುವುದಿಲ್ಲ! ಬುಟ್ಟಿಯಿಲ್ಲದ ಶೇವಂತಿಬಾಯಿಯನ್ನು ನಾನು ಯಾವಾಗ ಕಂಡಿದ್ದೆ? ಆದರೂ ಅಳೆದದ್ದು ನನ್ನ ಬೋಳು ತಲೆಯನ್ನು.

ಇಳಿಸಿಕೊಂಡು ದಾಟಬಹುದಲ್ಲ ಎನ್ನುತ್ತೀರಿ. ತುಂಬಿದ ಬುಟ್ಟಿಯನ್ನು ಹ್ಯಾಗಾದರೂ ಒಬ್ಬಳೇ ಇಳಿಸಬಹುದು, ಒಬ್ಬಳೇ ತಲೆಗೆ ಏರಿಸಲಾಗುವುದಿಲ್ಲ. ದಾಟಿದ ಮೇಲೆ ಎತ್ತಿಕೊಡಲು ಇನ್ನೊಂದು ಜೊತೆ ಕೈ ಬೇಕು. ಅದಿಲ್ಲದೆ ಅವಳು ಮಣ್ಣಿನ ಏರಿ ಹತ್ತಿ ರಸ್ತೆಯನ್ನೇ ದಾಟತೊಡಗಿದಳು. ಒಂದು ಬೆಳಿಗ್ಗೆ ಕಾರವಾರದ ಬಸ್ಸಿನ ಕಿಟಕಿಯಿಂದ ನೋಡುತ್ತೇನೆ, ಅದಿರು ಲಾರಿಗಳು ಒಂದರ ಹಿಂದೊಂದು ಹೋಗುತ್ತಿವೆ, ಅವುಗಳ ಗಾಳಿಗೆ ಸೀರೆ ಪಟಪಟ ಹೊಡೆದುಕೊಳ್ಳುತ್ತಿದೆ, ತಲೆಯ ಮೇಲಿನ ಬುಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು ಅವಳು ಅಂಚಿನಲ್ಲಿ ನಿಂತಿದ್ದಾಳೆ. ಅದು ನಾನು ಎಳೆದ ಗೆರೆ.

ಮರುದಿನದಿಂದ ಅರ್ಧ ತಾಸು ಮೊದಲೇ ಮನೆ ಬಿಟ್ಟೆ. ಅವಳು ಮೋರಿಯ ಆಚೆ ಬುಟ್ಟಿ ಇಳಿಸುತ್ತಾಳೆ. ಇಬ್ಬರೂ ಹಿಡಿದು ಈಚೆ ತರುತ್ತೇವೆ. ಅವಳು ಸಿಂಬೆ ಸರಿಮಾಡಿಕೊಂಡು ಬಗ್ಗುತ್ತಾಳೆ, ನಾನು ಎತ್ತಿಕೊಡುತ್ತೇನೆ. ಆಮೇಲೆ ಬಾಳೆಗುಳಿಗೆ ನಡೆದು ಬಸ್ಸು ಹಿಡಿಯುತ್ತೇನೆ. ಸೋಮವಾರ ನಮ್ಮ ಕೇರಿಯಲ್ಲಿ ಮೀನು ತಿನ್ನುವುದಿಲ್ಲ, ಅವಳು ಬರುವುದಿಲ್ಲ. ಆದರೂ ಕಾಲುಗಳು ತಾವಾಗಿಯೇ ಮೋರಿಯ ಹತ್ತಿರ ನಿಲ್ಲುತ್ತವೆ. ಹೀಗೆ ಐದಾರು ವರ್ಷ ಆಯಿತು.

ಮೊನ್ನೆ ಈ ರಸ್ತೆಯನ್ನೇ ಅಗಲ ಮಾಡುವ ಹೊಸ ನಕ್ಷೆ ಬಂದಿದೆ. ಮೋರಿ ಒಡೆದು ಕಟ್ಟುತ್ತಾರೆ. ಎತ್ತರದ ಮುಂದೆ ನಾನು "ಬುಟ್ಟಿ ಸಹಿತ" ಎಂದು ಬರೆದೆ. ಹೊಸ ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಎಲ್ಲ ವಿವರಿಸಿದ ಮೇಲೆ ರುಜು ಹಾಕಿದರು.

ಈ ಸಲ ತಪ್ಪಿಲ್ಲ ಎಂಬ ಉಮೇದಿನಲ್ಲಿ ಬೆಳಿಗ್ಗೆ ಹೇಳಿದೆ: "ಬಾಯಿ, ಇನ್ನು ನೀನು ಬುಟ್ಟಿ ಇಳಿಸುವುದೇ ಬೇಡ. ತಲೆಯ ಮೇಲೆ ಇಟ್ಟುಕೊಂಡೇ ಸೀದಾ ಬರಬಹುದು."

ಅವಳು ಖುಷಿಪಡಲಿಲ್ಲ. ಸಿಂಬೆಯನ್ನು ಕೈಯಲ್ಲೇ ತಿರುಗಿಸುತ್ತ ಕೇಳಿದಳು.

"ಹಂಗಾರೆ ನೀ ಇಲ್ಲಿ ನಿಲ್ಲೂದಿಲ್ವಾ?"

ಬಗ್ಗಿ ಬುಟ್ಟಿ ಎತ್ತಿಕೊಟ್ಟೆ. ಅವಳು ನಾಲ್ಕು ಹೆಜ್ಜೆ ಹೋದ ಮೇಲೆ ಕೂಗಿ ಹೇಳಿದೆ, "ಬಸ್ಸು ಹಿಡೀಲಿಕ್ಕೆ ಇದೇ ದಾರಿ ಅಲ್ಲವಾ ಬಾಯಿ!"

ತಲೆಯ ಮೇಲೆ ಬುಟ್ಟಿ ಇದ್ದವರು ತಿರುಗಿ ನೋಡುವುದಿಲ್ಲ. ಕೈ ಮಾತ್ರ ಎತ್ತಿ ಬೀಸಿದಳು.